ಈರವ್ವನ ಪಾಚಿ

ಎರಡು ಬರ್ಫದ ಗಡ್ಡೆಗಳ ಸಂದಿಯಲ್ಲಿ ಭತ್ತದ ಹೊಟ್ಟನ್ನು ಬೆರಳಿನಿಂದ ಸರಿಸಿ, ಸೌಂದರ್ಯಾ ಗಾಜಿನ ಫ್ಲಾಸ್ಕನ್ನು ಕುತ್ತಿಗೆಯವರೆಗೆ ಇಳಿಸಿದಳು. ಮೇಲೆ ಹಸಿ ಗೋಣಿಯ ತುಂಡೊಂದನ್ನು ಎಳೆದಳು. ಅಷ್ಟು ಹೊತ್ತೂ ಪಕ್ಕದ ಮನೆಯ ಹಾಜರಾಬಿ ತನ್ನ ಅಗಲ ಬೆನ್ನನ್ನು ಬಾಗಿಲ ಕಡೆ ಮಾಡಿ, ಸತ್ತವಳ ಸೀರೆಯ ನೆರಿಗೆ ಸರಿಮಾಡುವವಳಂತೆ ಬಗ್ಗಿ ನಿಂತಿದ್ದಳು.

"ಆತೇನ?"

"ಆತ್ರಿ, ಚಾಚಿ."

"ನಿಮ್ಮತ್ತಿ ಕಾಲಬುಡಕ ಇಟ್ಟಿ. ಇನ್ನ ಅದನ್ನ ಮುಟ್ಟೂ ಧೈರ್ಯ ಯಾರಿಗೈತಿ?" ಎಂದು ಹಾಜರಾಬಿ ಕಣ್ಣೊರೆಸಿಕೊಂಡು ನೆಟ್ಟಗಾದಳು.

ಈರವ್ವ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಣೆಯ ಮೇಲೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ತಲೆ ವಾಲದಂತೆ ಗೂಟಕ್ಕೆ ಕಟ್ಟಿದ ಬಿಳಿ ಅರಿವೆ. ಹುಬ್ಬಳ್ಳಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪರೀಕ್ಷೆಯ ಕೋಣೆಯಲ್ಲಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡೇ ನಕಲು ಹಿಡಿಯುತ್ತಿದ್ದಳಂತೆ. ಈಗಲೂ ಹಾಗೆಯೇ ಕಾಣುತ್ತಿದ್ದಳು.

ನಿನ್ನೆ ಸಂಜೆ ಚಹಾ ಕುಡಿದು ಬಸಿಯನ್ನು ಕೆಳಗಿಟ್ಟವಳು ಮತ್ತೆ ಕೈ ಎತ್ತಲಿಲ್ಲ. ಅದಾಗಿ ಸ್ವಲ್ಪ ಹೊತ್ತಿಗೆ ಬಂದ ಅಡ್ಡಮಳೆ ಗೋಕುಲ ರಸ್ತೆಯ ಉದ್ದಕ್ಕೂ ಕಂಬಗಳನ್ನು ಕೆಡವಿ ಹೋಗಿತ್ತು. ಈರವ್ವನ ಗಂಡ ಚನ್ನಯ್ಯನವರ ಅಕ್ಕ ಬಸಲಿಂಗವ್ವ ಸೊಲ್ಲಾಪುರದಿಂದ ಬರಬೇಕಾಗಿತ್ತು. ಅಕ್ಕ ಬಾರದೆ ಮಣ್ಣು ಮಾಡುವಂತಿರಲಿಲ್ಲ. ಮೇ ತಿಂಗಳ ಧಗೆ. ಹಾಜರಾಬಿಯ ಅಳಿಯ ಗುಲಾಬಸಾಬ ಟೆಂಪೊದಲ್ಲಿ ಬರ್ಫ ತಂದು ಇಳಿಸಿದ್ದ.

ಬರ್ಫ ಬಂದದ್ದು ಸತ್ತವಳಿಗೆ. ಸೌಂದರ್ಯಾಳ ಜೀವ ಮಾತ್ರ ಕರೆಂಟಿಲ್ಲದೆ ಬೆಚ್ಚಗಾಗುತ್ತಿದ್ದ ಫ್ರಿಜ್ಜಿನಲ್ಲಿತ್ತು. ಅದರೊಳಗಿನ ಆ ಫ್ಲಾಸ್ಕಿನಲ್ಲಿ ಮೂರು ಬೆರಳಷ್ಟು ನೀರು, ನೀರಿನಲ್ಲಿ ಕಂದು ಹಸಿರಿನ ಒಂದು ಹಿಡಿ ಎಳೆ. ಭೂಮಿಯ ದಕ್ಷಿಣದ ತುದಿಯಲ್ಲಿ, ವರ್ಷದ ಬಹುಪಾಲು ಹೆಪ್ಪುಗಟ್ಟಿಯೇ ಇರುವ ಒಂದು ಕೆರೆಯ ತಳದ ಪಾಚಿ ಅದು. ಯುಗಾದಿಯ ಮರುದಿನ ಅತ್ತೆ ಅವಳನ್ನು ಹತ್ತಿರ ಕರೆದು ಹೇಳಿದ್ದಳು.

"ನಾ ಹೋದ ಮ್ಯಾಲ ಇದನ್ನ ಯಾರರ ಮೋರಿಗೆ ಸುರುವತಾರ. ಸುರುವಾಕ ಬಿಡಬ್ಯಾಡ."

"ಬಿಡೂದಿಲ್ರಿ ಅತ್ತಿ," ಎಂದಿದ್ದಳು ಸೌಂದರ್ಯಾ. ಇನ್ನಾವುದಕ್ಕೂ ಅತ್ತೆ ಅವಳಿಂದ ಮಾತು ತೆಗೆದುಕೊಂಡಿರಲಿಲ್ಲ. ಬಂಗಾರ ಯಾರಿಗೆ, ಸೀರೆ ಯಾರಿಗೆ, ಒಂದೂ ಹೇಳಿರಲಿಲ್ಲ.

*

ಅದನ್ನು ಮನೆಗೆ ತಂದವಳು ವಿದ್ಯಾ, ಈರವ್ವನ ಹಳೆಯ ವಿದ್ಯಾರ್ಥಿನಿ. ತೊಂಬತ್ತೇಳರಲ್ಲಿ ಅವಳು ಸಂಶೋಧಕರ ತಂಡದೊಂದಿಗೆ ಅಂಟಾರ್ಕ್ಟಿಕಾಕ್ಕೆ ಹೋಗಿ ಒಂದು ಬೇಸಿಗೆ ಕಳೆದು ಬಂದಿದ್ದಳು. ತಂದ ಪಾಚಿಯನ್ನು ತನ್ನ ಪ್ರಯೋಗಶಾಲೆಯಲ್ಲಿ ಬೆಳೆಸಿ, ಬೆಳೆದದ್ದರಲ್ಲಿ ಒಂದು ಚೂರನ್ನು ಗುರುದಕ್ಷಿಣೆ ಎಂಬಂತೆ ಫ್ಲಾಸ್ಕಿನಲ್ಲಿ ಹಿಡಿದು ಬಂದಳು.

ಚನ್ನಯ್ಯ ಅಮರಗೋಳದ ಮಾರ್ಕೆಟ್ ಯಾರ್ಡಿನ ಹತ್ತಿ ವ್ಯಾಪಾರಿ. ಯಾವ ಮಾಲನ್ನೂ ಬೆಳಕಿಗೆ ಹಿಡಿದು ನೋಡದೆ ಮಾತಾಡುವವರಲ್ಲ. ಫ್ಲಾಸ್ಕನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಪಾಚಿ ತರಾಕ ಅಷ್ಟ ದೂರ ಹೋಗಿದ್ದೇನವಾ? ನಮ್ಮ ಹಿತ್ತಲ ತೊಟ್ಟ್ಯಾಗ ಬೇಕಾದಷ್ಟ ಇತ್ತಲ್ಲ. ಫುಕಟ್ ಕೊಡತಿದ್ದೆ."

ವಿದ್ಯಾ ನಕ್ಕಳು. ಈರವ್ವ ನಗಲಿಲ್ಲ. ಆಗಲೇ ಅವಳು ಕನ್ನಡಕ ಏರಿಸಿ ಫ್ಲಾಸ್ಕಿನೊಳಗೆ ಹೋಗಿಬಿಟ್ಟಿದ್ದಳು.

ಅಂದಿನಿಂದ ಫ್ರಿಜ್ಜಿನ ನಡುವಿನ ಅಂಕಣ ಪಾಚಿಯದಾಯಿತು. ಬೆಳಿಗ್ಗೆ ಈರವ್ವನ ಲಿಂಗಪೂಜೆ ಮುಗಿಯುತ್ತಲೂ ಅದು ಹೊರಗೆ ಬರುತ್ತಿತ್ತು. ಉತ್ತರದ ಕಿಟಕಿಯಲ್ಲಿ ತಣ್ಣೀರಿನ ಬೋಗುಣಿಯಲ್ಲಿ ಕುಳಿತು ಬೆಳಕು ತೆಗೆದುಕೊಂಡು, ಅಡುಗೆಯ ಹೊತ್ತಿಗೆ ಮತ್ತೆ ಒಳಗೆ ಹೋಗುತ್ತಿತ್ತು. ಫ್ಲಾಸ್ಕಿನ ಬಾಯಿಗೆ ಹತ್ತಿಯ ಬಿರಡೆ. ಔಷಧದ ಅಂಗಡಿಯ ಹತ್ತಿ ನೀರು ಕುಡಿಯುತ್ತದೆ, ಗಿಡದಿಂದ ಬಂದ ಹಸಿ ಹತ್ತಿ ಕುಡಿಯುವುದಿಲ್ಲ ಎಂದು ಈರವ್ವ ಗಂಡನ ಅಂಗಡಿಯ ಸ್ಯಾಂಪಲ್ಲಿಗೇ ಕೈಹಾಕುತ್ತಿದ್ದಳು. ಉದ್ದ ಎಳೆಯ ಒಳ್ಳೆಯ ಮಾಲೇ ಬೇಕು. ಚನ್ನಯ್ಯ ಗೊಣಗುತ್ತಲೇ ತಾವೇ ಹಿಂಜಿ, ಅಂಗೈಯಲ್ಲಿ ಹೊಸೆದು ಬಿರಡೆ ಮಾಡಿಕೊಡುತ್ತಿದ್ದರು.

ಒಮ್ಮೆ ಅವರಿಗೆ ಪಾಚಿಯ ಮೇಲೆ ಮರುಕ ಬಂತು. ತಿಂಗಳಾದರೂ ಬೆಳೆದಂತೆ ಕಾಣಲಿಲ್ಲ. ಹೆಂಡತಿ ಕಾಲೇಜಿಗೆ ಹೋದಾಗ ಯಾರ್ಡಿನಿಂದ ಒಂದು ಚಿಟಿಕೆ ಯೂರಿಯಾ ತಂದು ಫ್ಲಾಸ್ಕಿಗೆ ಉದುರಿಸಿದರು. ಪಾಚಿ ದಿನದಿಂದ ದಿನಕ್ಕೆ ಬೆಳ್ಳಗಾಗಿ ಲೋಳೆಯಾಗತೊಡಗಿತು. ತಪ್ಪೊಪ್ಪಿಕೊಂಡ ಗಂಡನ ಮುಂದೆ ಈರವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು.

"ಅಲ್ರೀ, ಅಲ್ಲಿ ನೀರು ಎಷ್ಟ ಸ್ವಚ್ಛ ಅಂದ್ರ, ಅದರಾಗ ಉಣ್ಣಾಕ ಏನೂ ಇಲ್ಲ. ಹುಟ್ಟಿದಾಗಿಂದ ಉಪವಾಸ ಇದ್ದದ್ದಕ್ಕ ನೀವು ಮದುವಿ ಊಟ ಹಾಕೀರಿ."

ಸಾಯದೆ ಉಳಿದ ಒಂದೆರಡು ಎಳೆಗಳನ್ನು ಆಯ್ದು ಅವಳು ಮತ್ತೆ ಮೊದಲಿನಿಂದ ಬೆಳೆಸಿದಳು. ಆ ಮೇಲೆ ಬಹಳ ದಿನ ಚನ್ನಯ್ಯ ಊಟಕ್ಕೆ ಕುಳಿತು ಎರಡನೆಯ ರೊಟ್ಟಿ ಕೇಳಿದರೆ ಅವಳು, ನಿಮಗೂ ಯೂರಿಯಾ ಹಾಕಲೇನು ಎನ್ನುತ್ತಿದ್ದಳು.

*

ಬಿಸಿಲು ಏರಿದಂತೆ ಜನ ತುಂಬಿದರು. ಅಂಗಳದಲ್ಲಿ ಭಜನೆ ನಡೆದಿತ್ತು. ಸೌಂದರ್ಯಾಳ ಗಂಡ ಶಿವಯೋಗೀಶ ಕುಣಿ ತೋಡಿಸಲು ಗಬ್ಬೂರಿನ ಹೊಲಕ್ಕೆ ಹೋಗಿದ್ದ. ಕಾಲೇಜಿನ ಇಬ್ಬರು ಹೆಂಗಸರು, ಈರಕ್ಕ ಸ್ಟಾಫ್‌ರೂಮಿನಲ್ಲಿ ಟಿಫಿನ್ ಡಬ್ಬಿ ತೆಗೆದು, ಉಣ್ಣುವ ಮೊದಲು ಹಳೆಯ ರೊಟ್ಟಿಯ ಮೇಲೆ ಬೆಳೆದ ಬೂಷ್ಟನ್ನು ತೋರಿಸಿ ಪಾಠ ಮಾಡುತ್ತಿದ್ದದ್ದನ್ನು ನೆನೆದು ಅತ್ತುಕೊಂಡೇ ನಕ್ಕರು. ಸೌಂದರ್ಯಾ ಅತ್ತೆಯ ಬಲಮಗ್ಗುಲಿಗೆ ಕುಳಿತಿದ್ದಳು. ಬಂದವರೆಲ್ಲ ಅವಳ ಕೈ ಹಿಡಿಯುತ್ತಿದ್ದರು. ಅವಳು ಕೈ ಕೊಡುತ್ತಿದ್ದಳು, ಕಣ್ಣು ಮಾತ್ರ ಗೋಣಿಯ ತುಂಡಿನ ಮೇಲಿತ್ತು.

ಅಷ್ಟರಲ್ಲಿ ಬಸಲಿಂಗವ್ವ ಬಂದಳು. ಎಂಬತ್ತರ ಹತ್ತಿರದ ಜೀವ, ದನಿ ಮಾತ್ರ ಗಂಟೆಯದು. ತಮ್ಮನ ಹೆಂಡತಿಯ ಮುಂದೆ ಕುಸಿದು ಅವಳ ಗುಣಗಳನ್ನೆಲ್ಲ ಹಾಡಿ ಹಾಡಿ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಮನೆಯನ್ನು ಕೈಗೆತ್ತಿಕೊಂಡಳು. ಹೆಣ ಎದ್ದ ಕೂಡಲೆ ಮನೆಯಲ್ಲಿ ನಿಂತ ನೀರನ್ನೆಲ್ಲ ಚೆಲ್ಲಬೇಕು, ಕೊಡ ತಂಬಿಗೆ ಎಲ್ಲ ಬೂದಿ ಹಚ್ಚಿ ತಿಕ್ಕಬೇಕು, ಫ್ರಿಜ್ಜಿನೊಳಗಿನದನ್ನೂ ಬಿಡಬಾರದು ಎಂದಳು.

"ಲಿಂಗ ಕಟ್ಟಿದವರಿಗೆ ಎಲ್ಲೀ ಸೂತಕ ಅಂತಿದ್ದಳಕ್ಕಾ ಆಕಿ," ಎಂದರು ಚನ್ನಯ್ಯ.

"ಆಕಿ ಅಂತಿದ್ದಳು, ನೀ ಕೇಳತಿದ್ದಿ. ನಾ ಯಾವಾಗರ ಕೇಳೇನೇನು?"

ಸೌಂದರ್ಯಾ ಒಳಗೇ ನಿಟ್ಟುಸಿರು ಬಿಟ್ಟಳು. ಫ್ರಿಜ್ಜಿನಿಂದ ತೆಗೆದದ್ದು ಒಳ್ಳೆಯದೇ ಆಯಿತು.

ಆದರೆ ಮುದುಕಿ ಈರವ್ವನ ಪಾದ ಮುಟ್ಟಲು ಬಗ್ಗಿದಾಗ ಗೋಣಿ ಸರಿಯಿತು. ಕರಗಿದ ಬರ್ಫದ ನಡುವೆ ಫ್ಲಾಸ್ಕಿನ ಕುತ್ತಿಗೆ ಕಂಡಿತು. ಬಸಲಿಂಗವ್ವ ಅದನ್ನು ಎತ್ತಿದಳು. ತಣ್ಣಗಿನ ಗಾಜು, ಶುದ್ಧ ನೀರು, ನೀರಿನಲ್ಲಿ ಹಸಿರು ಎಸಳು, ಬಾಯಿಗೆ ಬಿಳಿ ಹತ್ತಿ, ಇಟ್ಟದ್ದೋ ಶರಣೆಯ ಪಾದದ ಬಳಿ. ಅವಳ ಮುಖದಲ್ಲಿ ಭಕ್ತಿ ಬಂತು.

"ಪತ್ರಿ ಹಾಕಿದ ಪಾದೋದಕ. ಎಷ್ಟ ಜ್ವಾಕಿಲೆ ಇಟ್ಟೀರಿ ಯವ್ವಾ. ಆಕಿ ಬಾಯಿಗೆ ಇನ್ನೂ ಯಾಕ ಹಾಕಿಲ್ಲ?"

ಸೌಂದರ್ಯಾ ಎದ್ದು ನಿಲ್ಲುವಷ್ಟರಲ್ಲಿ ಬಿರಡೆ ಕೆಳಗೆ ಬಿದ್ದಿತ್ತು. ಬಸಲಿಂಗವ್ವ ಈರವ್ವನ ತುಟಿಗಳ ನಡುವೆ ಒಂದು ಗುಟುಕು ಬಿಟ್ಟಳು. ನೆತ್ತಿಗೆ ಒಂದಿಷ್ಟು. ತನ್ನ ಅಂಗೈಗೆ ಸುರಿದುಕೊಂಡು ಕಣ್ಣುಮುಚ್ಚಿ ಕುಡಿದಳು. ಆಮೇಲೆ ಸುತ್ತ ಕುಳಿತ ಹೆಂಗಸರಿಗೆ ಹಂಚತೊಡಗಿದಳು. ಒಬ್ಬೊಬ್ಬರೂ ಬಲಗೈ ಕೆಳಗೆ ಎಡಗೈ ಹಿಡಿದು ತೆಗೆದುಕೊಂಡರು. ಕಾಲೇಜಿನ ಹೆಂಗಸರೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಒಂದು ಮಾತು ಆಡಿದರೆ ಸಾಕಿತ್ತು. ಆದರೆ ಮುದುಕಿ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬಂದಿದ್ದಳು. ಈ ಮನೆಯಲ್ಲಿ ಅವಳಿಗೆ ಮಾಡಲು ಉಳಿದದ್ದು ಇದೊಂದೇ ಕೆಲಸವಾಗಿತ್ತು, ಮತ್ತು ಅದನ್ನು ಎಷ್ಟು ನಂಬಿ ಮಾಡುತ್ತಿದ್ದಳು. ಕುಡಿದವರ ಮುಂದೆ, ಸತ್ತವಳ ಮುಂದೆ, ಅದು ಪಾಚಿ ಎಂದು ಹೇಗೆ ಹೇಳುವುದು? ಸೌಂದರ್ಯಾ ಮಾವನ ಮುಖ ನೋಡಿದಳು. ಚನ್ನಯ್ಯ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ.

ಅವಳ ಸರದಿ ಬಂತು. ಫ್ಲಾಸ್ಕನ್ನು ಪೂರಾ ಬಗ್ಗಿಸಬೇಕಾಯಿತು. ತಳದಲ್ಲಿದ್ದ ಕೊನೆಯ ನೀರು, ಅದರ ಜೊತೆ ಜಾರಿ ಬಂದ ಒಂದು ಹಸಿರು ಎಳೆ, ಸೌಂದರ್ಯಾಳ ಅಂಗೈಗೆ ಬಿತ್ತು.

"ತಗೋ ಯವ್ವಾ. ಪತ್ರಿನೂ ಬಂತು ನಿನ್ನ ಪಾಲಿಗೆ." ಉಳಿದ ಎಳೆಗಳು ಗಾಜಿಗೆ ಅಂಟಿಕೊಂಡಿರುವಾಗಲೇ ಬಸಲಿಂಗವ್ವ ಫ್ಲಾಸ್ಕನ್ನು ತಿಕ್ಕಲು ಇಟ್ಟ ಪಾತ್ರೆಗಳ ಜೊತೆ ಹಿತ್ತಲಿಗೆ ಕಳಿಸಿದಳು.

ಸೌಂದರ್ಯಾ ಕೈಯನ್ನು ಕಣ್ಣಿಗೊತ್ತಿಕೊಂಡಳು, ತುಟಿಗೆ ಮುಟ್ಟಿಸಿದಳು. ತುಟಿ ತೆರೆಯಲಿಲ್ಲ. ಮುಷ್ಟಿ ಕಟ್ಟಿದಳು.

*

ವರ್ಷಗಳ ಹಿಂದೆ, ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ ಸೌಂದರ್ಯಾಳಿಗೆ ಕಂಡದ್ದು ಕಪ್ಪು ಕಡ್ಡಿಗಳು.

ಅಣ್ಣಿಗೇರಿಯಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಪಿಯುಸಿ ಸೈನ್ಸ್ ಅರ್ಧಕ್ಕೆ ನಿಂತು ಮದುವೆಯಾದವಳು. ಮನೆಯಲ್ಲಿ ಗಂಡ, ಮಾವ ಇಬ್ಬರದೂ ಹತ್ತಿಯದೇ ಮಾತು. ಅತ್ತೆ ಕಾಲೇಜಿನಿಂದ ದಣಿದು ಬಂದು ಮಲಗುವವಳು. ಅಡುಗೆ, ಬಟ್ಟೆ ಮುಗಿದ ಮೇಲೆ ಮಧ್ಯಾಹ್ನಗಳು ಇಡೀ ಮನೆಯಷ್ಟು ಉದ್ದವಾಗಿರುತ್ತಿದ್ದವು. ನಿವೃತ್ತಿಯಾದ ವರ್ಷ ಈರವ್ವ, ಕಾಲೇಜು ಹರಾಜಿಗೆ ಹಾಕಿದ ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದನ್ನು ರಿಕ್ಷಾದಲ್ಲಿ ತಂದು ಉತ್ತರದ ಕಿಟಕಿಯ ಮುಂದಿಟ್ಟಳು. ಕನ್ನಡಿಯಿಂದ ಬೆಳಕು ಹಿಡಿಯುವಂಥದ್ದು. ಪಾಚಿಯ ಒಂದು ತುಣುಕನ್ನು ಗಾಜಿನ ಮೇಲಿಟ್ಟು, ಅಂಗಳ ಗುಡಿಸುತ್ತಿದ್ದ ಸೊಸೆಯನ್ನು ಕರೆದಳು.

"ಏನ ಕಾಣ್ತೈತಿ, ಹೇಳ."

"ಕಪ್ಪ ಕಡ್ಡಿ ಅದಾವ್ರಿ. ಅಲಗ್ಯಾಡಾಕತ್ತಾವ."

"ಅವು ನಿನ್ನ ರೆಪ್ಪಿ ಕೂದಲ. ಎಲ್ಲಾರೂ ಮೊದಲ ತಮ್ಮನ್ನ ತಾವ ನೋಡಕೋತಾರ. ಕಣ್ಣ ಸ್ವಲ್ಪ ಹಿಂದ ತಗೊ. ಅವಸರ ಮಾಡಬ್ಯಾಡ. ಅದಕ್ಕೂ ಅವಸರ ಇಲ್ಲ."

ಅಂದು ಕಾಣಲಿಲ್ಲ. ಮರುದಿನವೂ ಇಲ್ಲ. ಮತ್ತೊಂದು ಮಧ್ಯಾಹ್ನ ಕಡ್ಡಿಗಳು ಸರಿದು, ಬೆಳಕಿನ ಬಟ್ಟಲಿನಲ್ಲಿ ಹಸಿರು ಮಣಿಗಳ ಸರವೊಂದು ತೇಲಿ ಬಂತು. ಸೌಂದರ್ಯಾ ಉಸಿರು ಬಿಡುವುದನ್ನೇ ಮರೆತಳು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಈರವ್ವ ಎದ್ದು ಹೋಗಿ ತಾನೇ ಒಲೆ ಒರೆಸಿದಳು, ಸೊಸೆಯನ್ನು ಏಳಿಸಲಿಲ್ಲ.

ಆ ಮೇಲೆ ಮಧ್ಯಾಹ್ನಗಳು ಸಾಲದಾದವು. ಆ ಕೆರೆಯಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ, ಬೇಸಿಗೆಯಲ್ಲಿ ಮುಳುಗುವುದೇ ಇಲ್ಲ ಎಂದು ಅತ್ತೆ ಹೇಳಿದಳು. ಕತ್ತಲೆಯಲ್ಲಿ ಪಾಚಿ ಏನು ಮಾಡುತ್ತದೆ ಎಂದು ಸೌಂದರ್ಯಾ ಕೇಳಿದಳು.

"ಸುಮ್ಮನ ಇರ್ತೈತಿ. ಹೆಪ್ಪಗಟ್ಟತೈತಿ, ಒಣಗತೈತಿ. ನೋಡಿದವರು ಸತ್ತೈತಿ ಅಂತಾರ. ಸ್ವಲ್ಪ ನೀರು ಸ್ವಲ್ಪ ಬೆಳಕು ಸಿಕ್ಕರ, ನಿನ್ನೆ ಬಿಟ್ಟ ಕೆಲಸ ಇವತ್ತ ಹಿಡದಾಂಗ ಚಾಲೂ ಮಾಡತೈತಿ."

ಇದಾಗಿ ಮೂರ್ನಾಲ್ಕು ವರ್ಷಕ್ಕೆ ಸಕ್ಕರೆ ಕಾಯಿಲೆ ಈರವ್ವನ ಕಣ್ಣಿಗೆ ಇಳಿಯಿತು. ಮೊದಲು ಪೇಪರಿನ ಅಕ್ಷರ ಹೋಯಿತು, ಆಮೇಲೆ ಮುಖಗಳು. ಅವಳು ಗೊಣಗಲಿಲ್ಲ. ಮಧ್ಯಾಹ್ನ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತು, ಸೊಸೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವವರೆಗೆ ಕಾಯುತ್ತಿದ್ದಳು. ಆಮೇಲೆ ಅದೇ ಮಾತು: ಏನ ಕಾಣ್ತೈತಿ, ಹೇಳ. ಸೌಂದರ್ಯಾ ಹೇಳುತ್ತಿದ್ದಳು. ಮಣಿಗಳ ಬಣ್ಣ, ನಡುವೆ ಬರುವ ದೊಡ್ಡ ಮಣಿ, ಸರ ಎಲ್ಲಿ ತುಂಡಾಗಿದೆ, ಎಲ್ಲಿ ಬಳಸಿದೆ. ಈರವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಮ್ಮೊಮ್ಮೆ ಸೊಸೆ ಹೇಳುವ ಮೊದಲೇ ತಲೆಯಾಡಿಸುತ್ತಿದ್ದಳು.

*

ಸತ್ತವಳನ್ನು ಒಯ್ಯಲು ವಿಮಾನ ಕಟ್ಟಿದ್ದರು. ಬಾಳೆಯ ದಿಂಡು, ಚೆಂಡುಹೂ, ನಡುವೆ ಈರವ್ವನನ್ನು ಕೂರಿಸಿ ಟ್ರ್ಯಾಕ್ಟರಿನ ಮೇಲೆ ಏರಿಸಿದರು. ಏರಿಸುವ ಮೊದಲು ಮೂಗಿಗೆ ಹತ್ತಿ ಇಡಬೇಕಾಗಿತ್ತು. ಯಾರೋ ಔಷಧದ ಅಂಗಡಿಯ ಪೊಟ್ಟಣ ಚಾಚಿದರು. ಚನ್ನಯ್ಯ ಬೇಡವೆಂದು ಒಳಗೆ ಹೋಗಿ, ತಮ್ಮ ಸ್ಯಾಂಪಲ್ ಚೀಲದಿಂದ ಒಂದು ಹಿಡಿ ಉದ್ದ ಎಳೆಯ ಹತ್ತಿ ತಂದು, ಹಿಂಜಿ, ಅಂಗೈಯಲ್ಲಿ ಹೊಸೆದು ತಾವೇ ಇಟ್ಟರು. ಆ ಕೈಗಳಿಗೆ ಅದರ ಅಳತೆ ಗೊತ್ತಿತ್ತು.

ಆ ಗಲಾಟೆಯಲ್ಲಿ ಸೌಂದರ್ಯಾ ಬರ್ಫದ ಒಂದು ಚೂರು ಎತ್ತಿಕೊಂಡು, ಎಳೆಯ ಜೊತೆ ಸೀರೆಯ ಸೆರಗಿನ ತುದಿಯಲ್ಲಿ ಗಂಟು ಕಟ್ಟಿದಳು. ಹಾಜರಾಬಿ ಕಂಡಳು. ಇನ್ನೂ ಎರಡು ಚೂರು ಒಡೆದು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅವಳ ಕೈಗಿತ್ತಳು.

"ಹಾದ್ಯಾಗ ಬೇಕಾಗತೈತಿ. ನಡಿ."

ಗಬ್ಬೂರಿನ ಕಡೆ, ಬೈಪಾಸ್ ದಾಟಿದರೆ ಅವರದೇ ಹೊಲ. ಹೆಂಗಸರೂ ಹೋಗುವ ರೂಢಿ ಆ ಮನೆಯಲ್ಲಿತ್ತು. ಟೆಂಪೊದಲ್ಲಿ ಬಸಲಿಂಗವ್ವ ಸೌಂದರ್ಯಾಳ ಪಕ್ಕದಲ್ಲೇ ಕುಳಿತಳು. ಎದುರಿಗೆ ಚನ್ನಯ್ಯ. ಸೌಂದರ್ಯಾಳ ಸೆರಗಿನಿಂದ ಹನಿ ಹನಿಯಾಗಿ ನೀರು ಸೋರಿ ಮಡಿಲು ಒದ್ದೆಯಾಗುತ್ತಿತ್ತು. ಮುದುಕಿ ಅದನ್ನು ಕಣ್ಣೀರೆಂದು ತಿಳಿದು ಅವಳ ಬೆನ್ನು ನೇವರಿಸಿದಳು. ಅರ್ಧ ಅದೂ ನಿಜವೇ ಆಗಿತ್ತು.

"ತಮ್ಮಾ, ಆ ಪಾದೋದಕ ಯಾವ ಮಠದ್ದೋ? ಬಾಯಾಗ ಬೀಳತಿದ್ದಾಂಗ ಎದಿ ತನಕ ತಣ್ಣಗಾತು. ಇಂಥಾದ್ದ ನಾ ಎಂದೂ ತಗೊಂಡಿಲ್ಲ."

ಸೌಂದರ್ಯಾ ಸೆರಗಿನ ಗಂಟನ್ನು ಕೈಯಿಂದ ಮುಚ್ಚಿದಳು. ಚನ್ನಯ್ಯ ಹೊರಗೆ ನೋಡುತ್ತಿದ್ದವರು ನಿಧಾನವಾಗಿ ತಿರುಗಿದರು.

"ದಕ್ಷಿಣದ ಕಡೀದಕ್ಕಾ. ಭಾಳ ದೂರದ್ದು. ಅದಕ್ಕ ಆಕಿ ಒಬ್ಬಾಕೀನ ನಡಕೊಳ್ಳತಿದ್ದಳು."

"ಹೌದೇಳು, ಆಕಿದು ಎಲ್ಲಾ ಒಂದ ನಮೂನಿ," ಎಂದಳು ಬಸಲಿಂಗವ್ವ. "ಆದರ ದೇವರು ಛಲೋ ಹುಡಕಿದ್ದಳು."

ಕುಣಿ ತಂಪಾಗಿತ್ತು. ಕರಿ ಮಣ್ಣಿನ ಗೋಡೆಗೆ ನಿನ್ನೆಯ ಮಳೆ ಇಳಿದು ಹಸಿ ವಾಸನೆ ಬರುತ್ತಿತ್ತು. ತಳಕ್ಕೆ ಉಪ್ಪು ಹಾಸಿ ವಿಭೂತಿ, ಪತ್ರಿ ಹರವಿದರು. ಈರವ್ವ ಬಿಳಿಯ ನಡುವೆ ಹೋಗಿ ಕುಳಿತಳು. ಮಠದ ಅಯ್ಯನವರು ಮಂತ್ರ ಹೇಳುತ್ತಿದ್ದಾಗ ಸೌಂದರ್ಯಾ ಬೆನ್ನ ಹಿಂದೆ ಕೈ ಮಾಡಿ ಗಂಟಿಗೆ ಹೊಸ ಬರ್ಫ ಸೇರಿಸಿದಳು. ಎಡಗೈ ಮರಗಟ್ಟಿತ್ತು. ಮಣ್ಣು ಹಾಕುವ ಸರದಿಯಲ್ಲಿ ಅವಳು ಬಲಗೈಯಿಂದಷ್ಟೇ ಹಾಕಿದಳು.

*

ಮರಳಿ ಬಂದಾಗ ಮನೆ ತೊಳೆದು ಬಿಟ್ಟಿದ್ದರು. ಹಿತ್ತಲ ಕಟ್ಟೆಯ ಮೇಲೆ ಕೊಡ, ತಂಬಿಗೆ, ಪಾತ್ರೆ ಎಲ್ಲ ಬೋರಲು. ಸಾಲಿನ ಕೊನೆಯಲ್ಲಿ, ಬೂದಿ ಹಚ್ಚಿ ತಿಕ್ಕಿ ಪಳಪಳಿಸುವಂತೆ ಮಾಡಿದ ಫ್ಲಾಸ್ಕು. ಹಸಿರಿನ ಒಂದು ಗೆರೆಯೂ ಅದರಲ್ಲಿ ಉಳಿದಿರಲಿಲ್ಲ. ಮುದುಕಿ ಒಳಗೆ ಚಾಪೆಯ ಮೇಲೆ ಉರುಳಿದ ಕೂಡಲೆ ನಿದ್ದೆಹೋದಳು. ಕರೆಂಟು ಬಂದಿತ್ತು, ಖಾಲಿ ಫ್ರಿಜ್ಜು ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು.

ಹಾಜರಾಬಿ ತನ್ನ ಮನೆಯಲ್ಲಿ ಕುದಿಸಿ ಆರಿಸಿದ ಒಂದು ತಂಬಿಗೆ ನೀರು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ನೀರೆಲ್ಲ ಚೆಲ್ಲಿದ ಮನೆಗೆ ಬಂದ ಮೊದಲ ನೀರು ಅದು. ಮೊದಲ ನೀರನ್ನು ದೇವರ ಮುಂದೆ ಇಡಬೇಕು. ಸೌಂದರ್ಯಾ ಅದನ್ನು ಫ್ಲಾಸ್ಕಿಗೆ ಹಾಕಿದಳು, ಮೂರು ಬೆರಳಷ್ಟು. ಸೆರಗಿನ ಗಂಟು ಬಿಚ್ಚಿದಳು. ಬರ್ಫ ಕರಗಿಹೋಗಿತ್ತು. ಹಸಿ ನೂಲಿನ ಮೇಲೆ ಎಳೆ ಕಪ್ಪಾಗಿ, ಸೀರೆಯದೇ ಒಂದು ದಾರದಂತೆ ಅಂಟಿಕೊಂಡಿತ್ತು. ಅದರ ತುದಿಯಷ್ಟನ್ನು ಗಾಜಿನ ತುಂಡಿನ ಮೇಲೆ ಎತ್ತಿಟ್ಟುಕೊಂಡು, ಉಳಿದದ್ದನ್ನು ನೀರಿಗೆ ಬಿಟ್ಟಳು. ಅದು ತೇಲಲೂ ಇಲ್ಲ, ಮುಳುಗಲೂ ಇಲ್ಲ.

ಬಾಯಿಗೆ ಏನು ಮುಚ್ಚುವುದೆಂದು ಅವಳು ಸುತ್ತ ನೋಡುತ್ತಿದ್ದಾಗ ಚನ್ನಯ್ಯ ಬಂದರು. ಅಂಗಿಯ ಕಿಸೆಯಿಂದ ಹತ್ತಿಯ ಬಿರಡೆ ತೆಗೆದು ಫ್ಲಾಸ್ಕಿಗೆ ಒತ್ತಿದರು. ಬೆಳಿಗ್ಗೆ ನೆಲಕ್ಕೆ ಬಿದ್ದದ್ದು ಅದೇ.

ಸೌಂದರ್ಯಾ ಫ್ಲಾಸ್ಕನ್ನು ಉತ್ತರದ ಕಿಟಕಿಯ ಬೋಗುಣಿಯಲ್ಲಿ ಕೂರಿಸಿ, ಗಾಜಿನ ತುಂಡನ್ನು ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸಿದಳು. ಕನ್ನಡಿಯನ್ನು ತಿರುಗಿಸಿ ಸಂಜೆಯ ಬೆಳಕು ಹಿಡಿದಳು. ಬೆತ್ತದ ಕುರ್ಚಿ ಕಿರುಗುಟ್ಟಿತು. ಆ ಕುರ್ಚಿಯಲ್ಲಿ ಮಾವ ಕುಳಿತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಏನ ಕಾಣ್ತೈತಿ, ಹೇಳವಾ."

ಅವಳು ಕಣ್ಣಿಟ್ಟಳು. ಕಪ್ಪು ಕಡ್ಡಿಗಳು, ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು, ಅಲುಗುತ್ತಿದ್ದವು. ಬೇರೇನೂ ಇರಲಿಲ್ಲ.

"ತಡೀರಿ, ಮಾವಾರ," ಎಂದಳು.

"ಅವಸರ ಇಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯನ್ನು ತುಸು ಹಿಂದೆ ತೆಗೆದುಕೊಂಡಳು. ಕಡ್ಡಿಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಬೆಳಕಿನ ಬಟ್ಟಲು ಖಾಲಿಯಿತ್ತು. ಅದರ ಅಂಚಿನಲ್ಲಿ ಒಂದು ಹಸಿರು ಮಣಿ ಬಂತು. ಅದರ ಹಿಂದೆ ಇನ್ನೊಂದು.

ಅವಳು ಹೇಳತೊಡಗಿದಳು. ಕುರ್ಚಿಯಲ್ಲಿ ಚನ್ನಯ್ಯ ಕಣ್ಣು ಮುಚ್ಚಿಕೊಂಡರು.